ತೊಲೆಗೆ ತಕ್ಕ ದೀಪ

ಔಷಧಿ ಅಂಗಡಿಯಲ್ಲಿ ಅವಳಿಗೆ ಎಚ್ಚರಿಕೆಯಮ್ಮ ಎಂದು ಹೆಸರು ಬಿದ್ದಿತ್ತು. ಬರೀ ತಲೆನೋವಿನ ಮಾತ್ರೆ ಕೊಳ್ಳಲು ಬಂದವರಿಗೂ ಖಾಲಿ ಹೊಟ್ಟೆಯಲ್ಲಿ ಬೇಡ, ನುಂಗಿ ಗಾಡಿ ಓಡಿಸಬೇಡಿ ಎಂದು ಹೇಳಿ, ಚಿಲ್ಲರೆ ಕೊಡುವಾಗ ಅದನ್ನೇ ಇನ್ನೊಮ್ಮೆ ಹೇಳುತ್ತಿದ್ದಳು. ಅಂಗಡಿಯ ಯಜಮಾನರು ತಮಾಷೆಗೆ ಇಟ್ಟ ಹೆಸರು ಅದು. ಬರಬರುತ್ತ ಗಿರಾಕಿಗಳ ಬಾಯಿಗೂ ಹತ್ತಿ, ಕೊನೆಗೆ ಮನೆಯ ಹೊಸ್ತಿಲನ್ನೂ ದಾಟಿತು. ಅವಳಿಗೇನೂ ಬೇಸರವಿರಲಿಲ್ಲ. ಔಷಧಿ ಡಬ್ಬಿಯೊಳಗೆ ಮಡಚಿಟ್ಟ ಕಾಗದದ ಇರುವೆ ಸಾಲಿನಂಥ ಅಕ್ಷರಗಳನ್ನು ಓದಿದವರಿಗೆ ಗೊತ್ತಿರುತ್ತದೆ, ಮನುಷ್ಯರಿಗೆ ಏನೇನೆಲ್ಲ ಆಗಬಹುದೆಂದು.

ಆ ವರ್ಷ ಅವರ ಮನೆಯ ಹಜಾರ ಸೋರಿತು. ಹಿಂದಿನ ಮಾಲೀಕರು ಸೂರಿನ ಕೆಳಗೆ ಬಿಳಿ ಹಲಗೆಗಳನ್ನು ಹೊಡೆಸಿ ಮುಚ್ಚಿದ್ದರು. ಅವು ನೀರು ಕುಡಿದು ಹೊಟ್ಟೆ ಬಿಟ್ಟವು. ಕೆಲಸದವರು ಬಂದು ಒಂದೊಂದನ್ನೇ ಕಿತ್ತಾಗ ಮೇಲೆ ಕಂಡದ್ದು ಗೋಡೆಯಿಂದ ಗೋಡೆಗೆ ಚಾಚಿದ್ದ ಮರದ ತೊಲೆಗಳು. ಒಂದೊಂದೂ ಆಳಿನ ಸೊಂಟದಷ್ಟು ದಪ್ಪ, ಕಡುಗಪ್ಪು. ಅವಳ ಗಂಡನಿಗಂತೂ ನಿಧಿ ಸಿಕ್ಕಿದ ಹಾಗಾಯಿತು. ಅವನು ಶಾಲೆಯೊಂದರಲ್ಲಿ ಡ್ರಿಲ್ ಮೇಷ್ಟ್ರು. ಯಾವುದನ್ನೇ ಆಗಲಿ ಗಟ್ಟಿ ದನಿಯಲ್ಲೇ ಮೆಚ್ಚುವವನು. ಇಂಥದ್ದನ್ನು ಮುಚ್ಚಿಟ್ಟವರಿಗೆ ಬುದ್ಧಿ ಇತ್ತೇ ಎಂದು ಬೀದಿಗೆ ಕೇಳುವಂತೆ ಬೈದು, ಇನ್ನು ತೊಲೆಗಳು ತೆರೆದೇ ಇರಲಿ ಎಂದು ಸಾರಿಬಿಟ್ಟ. ಅತ್ತೆಯೂ ಕುರ್ಚಿಯಲ್ಲಿ ಕೂತು ಕತ್ತು ಮೇಲೆತ್ತಿ ನೋಡಿ, ಗಟ್ಟಿ ಮರವೇ, ನನಗಿಂತ ಚೆನ್ನಾಗಿ ವಯಸ್ಸಾಗಿದೆ ಎಂದರು.

ಆದರೆ ಹಜಾರದ ದೀಪಗಳೆಲ್ಲ ಆ ಹಲಗೆಗಳಲ್ಲೇ ಕೂತಿದ್ದವು; ಹಲಗೆಯ ಜೊತೆಗೆ ಅವೂ ಹೋದವು. ಹೊಸ ದೀಪ ಆರಿಸುವವರೆಗೆ ಇರಲಿ ಎಂದು ಎಲೆಕ್ಟ್ರಿಷಿಯನ್ನು ಒಂದು ವಯರನ್ನು ತೊಲೆಗೆ ಸುತ್ತಿ, ಅದರ ತುದಿಗೊಂದು ಬಲ್ಬು ಸಿಕ್ಕಿಸಿ ಹೋದ. ಅಂದು ಸಂಜೆ ಮೇಷ್ಟ್ರು ಫ್ಯಾನು ಹಾಕಿದ. ಬಲ್ಬು ಫ್ಯಾನಿಗಿಂತ ಮೇಲಿತ್ತು. ರೆಕ್ಕೆಗಳು ತಿರುಗತೊಡಗಿದ್ದೇ ತಡ, ಅವುಗಳ ನೆರಳು ಗೋಡೆಯ ಮೇಲೆ, ಸೋಫಾದ ಮೇಲೆ, ಸೋಫಾದಲ್ಲಿ ಕಾಲು ಮಡಚಿ ಕೂತಿದ್ದ ಮಗಳ ಮುಖದ ಮೇಲೆ ಸರಸರನೆ ಹಾಯತೊಡಗಿತು. ಕತ್ತಲೆ, ಬೆಳಕು, ಕತ್ತಲೆ, ಬೆಳಕು. ಅಡುಗೆಮನೆಯ ಬಾಗಿಲಲ್ಲಿದ್ದ ಎಚ್ಚರಿಕೆಯಮ್ಮ ಕೈಯಲ್ಲಿದ್ದ ಪಾತ್ರೆಯನ್ನು ಅಲ್ಲೇ ಕುಕ್ಕಿ, ಓಡಿ ಹೋಗಿ ಫ್ಯಾನು ಆರಿಸಿದಳು. ಏನಾಯಿತು ಎಂದು ಗಂಡ ಕೇಳಿದ್ದಕ್ಕೆ, ಚಳಿ ಎಂದಳು. ಅವಳ ಹಣೆಯಲ್ಲಿ ಬೆವರಿತ್ತು.

ಮಗಳನ್ನು ಎಲ್ಲರೂ ಮಿಡತೆ ಎನ್ನುತ್ತಿದ್ದರು. ಚಿಕ್ಕವಳಿದ್ದಾಗ ನಡೆದದ್ದಕ್ಕಿಂತ ಕುಪ್ಪಳಿಸಿದ್ದೇ ಹೆಚ್ಚು. ಹನ್ನೊಂದನೆಯ ವಯಸ್ಸಿನಲ್ಲಿ ಒಂದು ಬೆಳಿಗ್ಗೆ ಶಾಲೆಯ ಸಾಲಿನಲ್ಲಿ ನಿಂತಿದ್ದವಳು ಬುಡ ಕಡಿದ ಗಿಡದ ಹಾಗೆ ಬಿದ್ದು, ಕೈಕಾಲು ಸೆಟೆದು, ಬಾಯಲ್ಲಿ ನೊರೆ ಬಂತು. ಆಮೇಲೆ ಆಸ್ಪತ್ರೆ, ತಲೆಗೆ ತಂತಿಗಳನ್ನು ಅಂಟಿಸಿ ಮಾಡುವ ಪರೀಕ್ಷೆ, ಎರಡು ಹೊತ್ತಿನ ಮಾತ್ರೆ. ಈಗ ಮಿಡತೆಗೆ ಹದಿನೇಳು. ಎರಡು ವರ್ಷಕ್ಕೂ ಮೇಲಾಯಿತು, ಫಿಟ್ಸ್ ಸುಳಿದಿರಲಿಲ್ಲ. ಮಿಕ್ಕವರು ಇನ್ನು ಬಿಟ್ಟುಹೋಯಿತು ಎಂದುಕೊಂಡರು. ತಾಯಿಗೆ ಮಾತ್ರ ಅದು ಬಾರದೆ ಕಳೆದ ಒಂದೊಂದು ದಿನವೂ ಅದು ಬರುವ ದಿನವನ್ನು ಹತ್ತಿರ ತರುತ್ತಿದೆ ಅನ್ನಿಸುತ್ತಿತ್ತು. ಮಿನುಗುವ ಬೆಳಕು ಇಂಥವರಿಗೆ ಆಗಿಬರುವುದಿಲ್ಲ ಎಂದು ಅವಳು ಎಲ್ಲೋ ಓದಿದ್ದಳು. ಓದಿದ್ದು ಎದೆಯಲ್ಲಿ ಮುಳ್ಳಿನ ಹಾಗೆ ನಾಟಿತ್ತು.

ಹೀಗಾಗಿ ದೀಪದ ವಿಷಯ ಬಂದಾಗಲೆಲ್ಲ ಅವಳು ಬೇಡ ಎನ್ನುತ್ತಾ ಹೋದಳು. ಗಂಡ ಬಂಡಿಚಕ್ರದಂಥ ದೊಡ್ಡ ದೀಪವೊಂದರ ಚಿತ್ರ ತೋರಿಸಿದಾಗ ತೊಲೆಗೆ ಭಾರ ಎಂದಳು. ತೊಲೆಯ ಪಕ್ಕೆಗೆ ಕೂರಿಸುವ ಸಣ್ಣ ದೀಪಗಳನ್ನು ಮಿಡತೆ ತೋರಿಸಿದರೆ, ಜೇಡ ಗೂಡು ಕಟ್ಟುತ್ತದೆ, ಒರೆಸುವವರು ಯಾರು ಎಂದಳು. ಗಾಜಿನದು ಒಡೆಯುತ್ತದೆ, ಬಟ್ಟೆಯದು ಹೊತ್ತಿಕೊಳ್ಳುತ್ತದೆ. ಮದುವೆ ಬೇಡದ ಹುಡುಗ ಹೆಣ್ಣು ನೋಡಿದ ಹಾಗಾಯಿತಲ್ಲ ನಿನ್ನದು ಎಂದು ಅತ್ತೆ ನಕ್ಕರು. ನಿಜವಾದ ಕಾರಣ ಅವಳ ನಾಲಗೆಯ ತುದಿಯವರೆಗೆ ಬಂದು ನಿಲ್ಲುತ್ತಿತ್ತು. ಹೇಳಿದರೆ ಮಗಳ ಮುಖ ಚಿಕ್ಕದಾಗುತ್ತದೆ. ಬಾಯಿಬಿಟ್ಟು ಆಡಿದ್ದು ನಿಜವಾಗಿಬಿಟ್ಟರೆ ಎಂಬ ಅಂಜಿಕೆ ಬೇರೆ.

ಕೊನೆಗೆ ಒಂದು ಭಾನುವಾರ ಮೇಷ್ಟ್ರು ಹೆಂಡತಿ ಮಗಳನ್ನು ಹೊರಡಿಸಿಕೊಂಡು ದೀಪದ ಅಂಗಡಿಗೆ ನಡೆದ. ಅತ್ತೆ ಮನೆಯಲ್ಲೇ ಉಳಿದರು. ಅಂಗಡಿಯೊಳಗೆ ಕಾಲಿಟ್ಟ ಕೂಡಲೇ ಎಚ್ಚರಿಕೆಯಮ್ಮ ತಡೆದು ನಿಂತಳು. ಮೇಲೆ, ಕೆಳಗೆ, ಗೋಡೆಯಲ್ಲಿ, ಎಲ್ಲೆಲ್ಲೂ ಉರಿಯುವ ದೀಪಗಳೇ. ಅಂಗಡಿಯಾಕೆ ಸಮಾಧಾನದ ಹೆಂಗಸು. ತೊಲೆ ಎಷ್ಟು ದಪ್ಪ, ಸೂರು ಎಷ್ಟು ಎತ್ತರ, ಫ್ಯಾನು ಎಲ್ಲಿದೆ ಎಂದೆಲ್ಲ ಕೇಳಿದಳು. ಕಪ್ಪು ತೊಲೆಗಳು ಬೆಳಕನ್ನು ಕುಡಿದುಬಿಡುತ್ತವೆ, ಅದಕ್ಕೇ ಒಂದೇ ದೊಡ್ಡ ದೀಪದ ಬದಲು ಎರಡು ಮೂರು ಕಡೆಯಿಂದ ಬೆಳಕು ಬರಲಿ. ತೊಲೆಯಿಂದ ಇಳಿಬಿಡುವುದಾದರೆ ಫ್ಯಾನಿನ ರೆಕ್ಕೆಗಿಂತ ಕೆಳಗೆ, ದೂರಕ್ಕೆ ಬಿಡಿ ಎಂದಳು. ಮಿಡತೆ ಆಗಲೇ ಒಂದರ ಕೆಳಗೆ ನಿಂತಿದ್ದಳು. ಬೆತ್ತದಲ್ಲಿ ಹೆಣೆದ ಮೂರು ಬುಟ್ಟಿಗಳನ್ನು ಬೋರಲು ಹಾಕಿ, ಬೇರೆ ಬೇರೆ ಎತ್ತರದಲ್ಲಿ ತೂಗಿಬಿಟ್ಟ ದೀಪ. ಅದರ ಬೆಳಕು ಅವಳ ಕೂದಲಿನ ಮೇಲೆ ಜೇನಿನ ಬಣ್ಣದಲ್ಲಿ ಬಿದ್ದಿತ್ತು.

ಇದು ಮಿನುಗುತ್ತದೆಯೇ ಎಂದು ತಾಯಿ ಕೇಳಿದಳು. ಇಲ್ಲ ಎಂದಳು ಅಂಗಡಿಯಾಕೆ. ಕರೆಂಟು ಏರಿಳಿದರೆ? ಬಲ್ಬು ಹಳತಾದರೆ? ಅದೇ ಪ್ರಶ್ನೆಯನ್ನು ಅವಳು ಮೂರು ದಾರಿಯಿಂದ ಕೇಳುವುದನ್ನು ನೋಡಿ ಮೇಷ್ಟ್ರು ಕೆಮ್ಮಿದ. ಅಷ್ಟರಲ್ಲಿ ಆಚೆ ಬದಿಯಲ್ಲಿ ಕೆಲಸದವನೊಬ್ಬ ಯಾರೋ ಗಿರಾಕಿಗೆ ತೋರಿಸಲು ಮಾಲೆ ದೀಪಗಳ ಸ್ವಿಚ್ಚು ಒತ್ತಿದ. ಗೋಡೆ ತುಂಬ ನೀಲಿ ಬಿಳಿ ಬೆಳಕು ಪಟಪಟನೆ ಹತ್ತಿ ಆರತೊಡಗಿತು.

ಅವಳು ಯೋಚಿಸಲಿಲ್ಲ. ಹಾರಿ ಹೋಗಿ ಮಗಳ ತಲೆಯನ್ನು ಎದೆಗೊತ್ತಿಕೊಂಡು, ಅಂಗೈಯಿಂದ ಅವಳ ಕಣ್ಣು ಮುಚ್ಚಿದಳು. ಮೊಣಕೈ ತಗುಲಿ ಮೇಜಿನ ಮೇಲಿದ್ದ ಗಾಜಿನ ದೀಪವೊಂದು ಉರುಳಿ ಪುಡಿಪುಡಿಯಾಯಿತು. ಅಂಗಡಿಗೆ ಅಂಗಡಿಯೇ ತಿರುಗಿ ನೋಡಿತು. ಆರಿಸಿ, ಆರಿಸಿ ಎಂದು ಕೂಗುತ್ತಿದ್ದದ್ದು ತನ್ನದೇ ದನಿ ಎಂದು ಅವಳಿಗೆ ತಡವಾಗಿ ತಿಳಿಯಿತು.

"ಅಮ್ಮ, ಕೈ ತೆಗಿ," ಎಂದಳು ಮಿಡತೆ ಮೆಲ್ಲಗೆ.

ಕೈ ತೆಗೆದಾಗ ಹುಡುಗಿಯ ಮುಖ ಕಿವಿಯವರೆಗೆ ಕೆಂಪಾಗಿತ್ತು. ಯಾರನ್ನೂ ನೋಡದೆ, ಗಾಜಿನ ಚೂರುಗಳನ್ನು ದಾಟಿ, ಬಾಗಿಲು ತೆರೆದು ಹೊರಗೆ ಹೊರಟುಹೋದಳು. ಮೇಷ್ಟ್ರು ಅಂಗಡಿಯಾಕೆಯ ಬಳಿ ತಪ್ಪಾಯಿತು ಎನ್ನುತ್ತಾ ಉಳಿದ. ತಾಯಿ ಬೀದಿಗೆ ಓಡಿದಳು.

ಬೀದಿಯಲ್ಲಿ ಭಾನುವಾರದ ಜನ. ಅವಳು ಎಡಕ್ಕೆ ಓಡಿದಳು, ಬಸ್ಸು ನಿಲ್ಲುವಲ್ಲಿ ಇಣುಕಿದಳು, ತಿರುಗಿ ಬಲಕ್ಕೆ ಬಂದಳು. ಮಿಡತೆಯ ಹಸಿರು ಅಂಗಿಯಂಥದೇ ಅಂಗಿ ತೊಟ್ಟ ಯಾರದೋ ಭುಜ ಹಿಡಿದು, ಅಲ್ಲ ಎಂದು ಬಿಟ್ಟಳು. ರಸ್ತೆ ದಾಟುವಾಗ ಬಂದುಬಿಟ್ಟರೆ? ಮೆಟ್ಟಿಲ ಮೇಲಿದ್ದಾಗ? ಸುತ್ತ ನಿಂತವರು ಬಾಯಿಗೆ ಚಮಚ ತುರುಕಿದರೆ? ಕಾಲು ನೆಲಕ್ಕೆ ತಾಗುತ್ತಿದೆಯೋ ಇಲ್ಲವೋ ಎಂಬಂತಿತ್ತು.

ಮಿಡತೆ ದೂರವೇನೂ ಹೋಗಿರಲಿಲ್ಲ. ತಿರುವಿನಲ್ಲಿದ್ದ ಚಪ್ಪಲಿ ಅಂಗಡಿಯ ಮುಂದೆ ಕೈಕಟ್ಟಿ ನಿಂತಿದ್ದಳು. ಅಂಗಡಿಯ ಕಿಟಕಿಯಲ್ಲಿ ಕೆಂಪು ಹಸಿರು ಫಲಕವೊಂದು ಹತ್ತಿ ಆರುತ್ತಿತ್ತು. ಹುಡುಗಿ ಅದನ್ನು ಎವೆಯಿಕ್ಕದೆ ದಿಟ್ಟಿಸುತ್ತಿದ್ದಳು. ತಾಯಿ ಹತ್ತಿರ ಹೋಗಿ ಕೈಚಾಚಿದವಳು ಮಗಳ ನೋಟ ಕಂಡು ಕೈ ಹಿಂದೆಗೆದಳು.

"ಆಗಿಂದ ನೋಡ್ತಾನೇ ಇದೀನಿ," ಎಂದಳು ಮಿಡತೆ. "ಏನಾದ್ರೂ ಆಯ್ತಾ?"

"ಹಾಗೆಲ್ಲ ಹಟ ಮಾಡ್ಬೇಡ ಕಣೇ. ಬಾ ಈಚೆ."

"ಆಸ್ಪತ್ರೇಲಿ ತಂತಿ ಅಂಟಿಸಿದಾಗ ಕಣ್ಣಿಗೆ ಲೈಟ್ ಬಿಟ್ಟು ಬಿಟ್ಟು ನೋಡಿದ್ರಲ್ಲಮ್ಮ. ಬೆಳಕಿಂದ ಇವಳಿಗೆ ಬರಲ್ಲ ಅಂತ ಡಾಕ್ಟ್ರು ಹೇಳಿದ್ರು. ನೀನು ನನ್ನ ಪಕ್ಕದಲ್ಲೇ ಕೂತಿದ್ದೆ."

ಅವಳಿಗೆ ಆ ಕೋಣೆ ನೆನಪಿತ್ತು. ಡಾಕ್ಟರು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುತ್ತಿದ್ದದ್ದು ನೆನಪಿತ್ತು. ಕೊನೆಗೆ ಅವರು ‘ಆದರೂ ಹುಷಾರಾಗಿರಿ’ ಎಂದದ್ದು ಚೆನ್ನಾಗಿ ನೆನಪಿತ್ತು. ಅದಕ್ಕೆ ಮುಂಚೆ ಹೇಳಿದ್ದೆಲ್ಲ ಎಲ್ಲಿ ಹೋಯಿತೋ.

"ನಿದ್ದೆ ಕೆಟ್ಟರೆ ಬರತ್ತೆ ಅಂದ್ರು," ಎಂದು ಮಿಡತೆ ಫಲಕಕ್ಕೆ ಬೆನ್ನು ಮಾಡಿದಳು. "ನೀನು ರಾತ್ರಿ ಎಷ್ಟು ಸಲ ಬಂದು ನನ್ನ ಮೂಗಿನ ಹತ್ರ ಕೈ ಇಡ್ತೀಯ, ಗೊತ್ತಾ? ಬಾಗಿಲು ಕಿರ್ ಅಂದ್ರೆ ಎಚ್ಚರ ಆಗತ್ತೆ. ಆಮೇಲೆ ನಿದ್ದೆ ಬಂದವಳ ಹಾಗೆ ಬಿದ್ದಿರ್ತೀನಿ, ನಿಂಗೆ ಭಯ ಆಗ್ಬಾರ್ದು ಅಂತ."

ಇಬ್ಬರೂ ದೀಪದ ಅಂಗಡಿಗೆ ಮರಳಿದರು. ಬೆತ್ತದ ಬುಟ್ಟಿಗಳ ದೀಪವೇ ಇರಲಿ ಎಂದು ಅವಳೇ ಹೇಳಿದಳು. ಮೇಷ್ಟ್ರು ಇಬ್ಬರ ಮುಖವನ್ನೂ ನೋಡಿ, ಒಡೆದ ಗಾಜಿನ ದೀಪದ ಹಣವನ್ನೂ ಸೇರಿಸಿ ಎಣಿಸಿ ಕೊಟ್ಟ.

ಇನ್ನು ರಾತ್ರಿ ಹೋಗಿ ನೋಡುವುದಿಲ್ಲ ಎಂದು ಅವಳು ಮನಸ್ಸಿನಲ್ಲೇ ಆಣೆ ಹಾಕಿಕೊಂಡಳು. ಆಣೆ ಹಗಲಿಗೆ ಸರಿಹೋಯಿತು. ಕತ್ತಲಾದ ಮೇಲೆ ಕಿವಿ ತಾನಾಗಿ ಆ ಕೋಣೆಯ ಕಡೆ ತಿರುಗುತ್ತಿತ್ತು. ಒಮ್ಮೆ ಮಾತ್ರ ಎಂದು ಏಳುವಳು, ಮರಳಿ ಬಂದು ಮಲಗಿದರೆ ಸರಿಯಾಗಿ ಕೇಳಿಸಿಕೊಂಡೆನೋ ಇಲ್ಲವೋ ಎಂಬ ಅನುಮಾನದಲ್ಲಿ ಮತ್ತೆ ಏಳುವಳು. ಬಾಗಿಲಿನ ತಿರುಗಣಿಗೆ ಎಣ್ಣೆ ಬಿಟ್ಟಳು, ಚಪ್ಪಲಿ ಬಿಟ್ಟು ಬರಿಗಾಲಲ್ಲಿ ನಡೆದಳು. ಬೆಳಿಗ್ಗೆ ಮಗಳ ಕಣ್ಣಿನ ಕೆಳಗಿನ ಕಪ್ಪನ್ನು ಕಂಡರೆ ಪರೀಕ್ಷೆಗೆ ಓದುವುದು ಹೆಚ್ಚಾಯಿತು ಎಂದುಕೊಂಡಳು.

ಎಲೆಕ್ಟ್ರಿಷಿಯನ್ನು ದೀಪ ತೂಗಿಸಲು ಬಂದದ್ದು ರಜೆಯ ದಿನ ಮಧ್ಯಾಹ್ನ. ಮೇನ್ ಸ್ವಿಚ್ಚು ಆರಿಸಿ ಏಣಿ ಹತ್ತಿದ. ಕಿಟಕಿಯಿಂದ ಬರುವ ಬಿಸಿಲು ಬಿಟ್ಟರೆ ಹಜಾರದಲ್ಲಿ ಬೇರೆ ಬೆಳಕಿರಲಿಲ್ಲ. ಮೇಷ್ಟ್ರು ಏಣಿ ಹಿಡಿದು ನಿಂತ. ಹಿಡಿಯುವ ಅಗತ್ಯವಿಲ್ಲ ಎಂದು ಎಲೆಕ್ಟ್ರಿಷಿಯನ್ನು ಹೇಳಿದರೂ ಬಿಡಲಿಲ್ಲ. ತೊಲೆಗೆ ಕೊಕ್ಕೆ ತಿರುಗಿಸುವಾಗ ಮರ ಎಷ್ಟು ಗಟ್ಟಿಯಿತ್ತೆಂದರೆ ಏಣಿಯ ಮೇಲಿದ್ದವನ ಕತ್ತಿನ ನರಗಳು ಉಬ್ಬಿದವು. ಮಿಡತೆ ಕೆಳಗಿನಿಂದ ಒಂದೊಂದು ಬುಟ್ಟಿಯನ್ನು ಎತ್ತಿ ಕೊಡುತ್ತಿದ್ದಳು. ಎರಡನೆಯದನ್ನು ಎತ್ತಿದವಳು ಅರ್ಧಕ್ಕೇ ನಿಂತಳು. ಏನೋ ಕೇಳಿಸಿಕೊಳ್ಳುತ್ತಿರುವವಳಂತೆ ತಲೆ ಒಂದು ಬದಿಗೆ ತಿರುಗಿತು. ಬುಟ್ಟಿ ಕೈಜಾರಿತು, ಹಿಂದೆಯೇ ಅವಳೂ ಬಿದ್ದಳು.

ಎಲೆಕ್ಟ್ರಿಷಿಯನ್ನು ಏಣಿಯಿಂದ ಧುಮುಕಿ, ಹಲ್ಲಿನ ನಡುವೆ ಏನಾದರೂ ಇಡಿ ಎಂದ. ಮೇಷ್ಟ್ರು ಏಣಿಯನ್ನು ಹಿಡಿದೇ ನಿಂತುಬಿಟ್ಟಿದ್ದ. ಎಚ್ಚರಿಕೆಯಮ್ಮ ಬಂದಳು. ಓಡಿ ಅಲ್ಲ, ನಡೆದು ಬಂದಳು. ಬಾಯಿಗೆ ಏನೂ ಹಾಕಬೇಡಿ ಎಂದಳು. ಸೋಫಾದ ದಿಂಬನ್ನು ತಲೆಯ ಕೆಳಗೆ ಸರಿಸಿದಳು, ಏಣಿ ಆಚೆಗಿಡಿಸಿದಳು, ಕೊರಳಿನ ಗುಂಡಿ ಬಿಚ್ಚಿದಳು. ಸೆಳೆತ ಸಡಿಲವಾದ ಮೇಲೆ ಮಗಳನ್ನು ಮಗ್ಗುಲಿಗೆ ಹೊರಳಿಸಿ, ಕಣ್ಣು ಗಡಿಯಾರದ ಮೇಲಿಟ್ಟು, ಬೆನ್ನು ಸವರುತ್ತಾ ಕೂತಳು. ಆರು ವರ್ಷ ಹೆದರಿದ್ದೆಲ್ಲ ಈ ಹೊತ್ತಿಗಾಗಿಯೇ. ಆ ಹೊತ್ತು ಬಂದು ಎದುರಿಗೆ ಕೂತಾಗ ಅವಳ ಕೈಗೆ ಮಾಡಬೇಕಾದದ್ದೆಲ್ಲ ಗೊತ್ತಿತ್ತು. ಅತ್ತೆ ಹೊದಿಕೆ ತಂದು ಹೊದಿಸಿ, ಸೊಸೆಯ ಹಿಂದೆ ನೆಲದ ಮೇಲೇ ಕೂತರು.

ಮಿಡತೆ ಕಣ್ಣು ಬಿಟ್ಟಾಗ ಮೊದಲು ಯಾರ ಗುರುತೂ ಹತ್ತಲಿಲ್ಲ. ಆಮೇಲೆ ನಿಧಾನವಾಗಿ, ನಾಲಗೆ ತೊದಲುತ್ತಾ, ಲೈಟ್ ಹಾಕಿದ್ರಾ ಎಂದು ಕೇಳಿದಳು.

"ಇಲ್ಲ ಮಗಳೇ. ಮನೇಲಿ ಕರೆಂಟೇ ಇರ್ಲಿಲ್ಲ."

ಹುಡುಗಿ ಮತ್ತೆ ಕಣ್ಣು ಮುಚ್ಚಿದಳು. ಕಣ್ಣಿನ ಕೆಳಗಿನ ಆ ಕಪ್ಪನ್ನು ತಾಯಿ ಈಗ ಇಷ್ಟು ಹತ್ತಿರದಿಂದ ನೋಡಿದಳು. ಬಾಗಿಲಿನ ತಿರುಗಣಿಗೆ ತಾನು ಬಿಟ್ಟ ಎಣ್ಣೆ ನೆನಪಾಯಿತು. ಹೊದಿಕೆಯ ಅಂಚನ್ನು ಮಗಳ ಗಲ್ಲದವರೆಗೆ ಎಳೆದಳು.

ಡಾಕ್ಟರು ಮಾತ್ರೆಯನ್ನು ಸ್ವಲ್ಪ ಹೆಚ್ಚಿಸಿದರು, ನಿದ್ದೆ ಹೇಗಿದೆ ಎಂದು ಕೇಳಿದರು. ಮಿಡತೆ ಬಾಯಿ ತೆರೆಯುವ ಮೊದಲೇ ತಾಯಿ, ನಿದ್ದೆ ಕೆಡಿಸುತ್ತಿರುವವಳು ನಾನೇ ಎಂದಳು. ಈ ಸಲ ಡಾಕ್ಟರು ಹೇಳಿದ್ದನ್ನೆಲ್ಲ ಅವರೆದುರಿಗೇ ತಿರುಗಿ ಹೇಳಿ ಒಪ್ಪಿಸಿ ಎದ್ದಳು.

ಎಲೆಕ್ಟ್ರಿಷಿಯನ್ನು ಎರಡು ದಿನ ಬಿಟ್ಟು ಬಂದು ಕೆಲಸ ಮುಗಿಸಿದ. ಒಂದು ಬುಟ್ಟಿಯ ಅಂಚು ಬಿದ್ದಲ್ಲಿ ಸೀಳಿತ್ತು. ಅದನ್ನು ಗೋಡೆಯ ಕಡೆ ತಿರುಗಿಸಿ ತೂಗಿದ. ಸಂಜೆ ದೀಪ ಹಾಕಿದಾಗ ಬೆತ್ತದ ಹೆಣಿಗೆಯ ನೆರಳು ತೊಲೆಗಳ ಮೇಲೆ ಬಲೆಯಂತೆ ಬಿತ್ತು, ಅಲುಗದೆ ನಿಂತಿತು. ಮೇಷ್ಟ್ರು ಅನುಮಾನಿಸುತ್ತಾ ಹೆಂಡತಿಯ ಕಡೆ ನೋಡಿದ. ಅವಳು ತಾನೇ ಎದ್ದು ಫ್ಯಾನು ಹಾಕಿದಳು. ಹಾಕಿ ಸ್ವಲ್ಪ ಹೊತ್ತು ಸ್ವಿಚ್ಚಿನ ಹತ್ತಿರವೇ ನಿಂತಿದ್ದಳು.

ಊಟ ಮುಗಿದ ಮೇಲೆ ಮಿಡತೆ ಕೋಣೆಗೆ ಹೊರಟಾಗ ಅವಳು ಕರೆದಳು. "ಇವತ್ತಿಂದ ಬಾಗಿಲು ಹಾಕ್ಕೊಂಡೇ ಮಲಕ್ಕೋ. ನಾನು ಬರಲ್ಲ."

ಮಿಡತೆ ನಂಬದವಳಂತೆ ನೋಡಿದಳು. "ನಿಜವಾಗ್ಲೂ?"

"ಚಿಲಕ ಮಾತ್ರ ಹಾಕ್ಬೇಡ."

"ಹಾಕಲ್ಲ."

"ಬೋರಲು ಮಲಗ್ಬೇಡ."

"ಅಮ್ಮ."

"ಸರಿ, ಹೋಗು."

ಬಾಗಿಲು ಮುಚ್ಚಿತು. ಅವಳು ಹೊಸ ದೀಪದ ಕೆಳಗೆ, ಆ ಬಾಗಿಲಿಗೆ ಬೆನ್ನು ಮಾಡಿ ಕೂತು, ಒಗೆದ ಬಟ್ಟೆಗಳನ್ನು ಒಂದೊಂದಾಗಿ ಮಡಚತೊಡಗಿದಳು. ಮಡಚಿದ್ದನ್ನೇ ಬಿಚ್ಚಿ ಮತ್ತೆ ಮಡಚುತ್ತಿದ್ದಳು. ಗಂಡ ಬಂದು ಎದುರಿಗೆ ಕೂತು, ಅವಳು ಬಿಚ್ಚಿದ್ದನ್ನು ತಾನು ಕೈಗೆತ್ತಿಕೊಂಡ.