ಕತೆ ಟೀಚರಿಗೆ ಓದು ಬಂದದ್ದು

ಮೂರನೇ ಕ್ಲಾಸಿನ ಟೀಚರಿಗೆ ಶಾಲೆಯಲ್ಲಿ ಎರಡು ಹೆಸರಿದ್ದವು. ಮಕ್ಕಳು ಎದುರಿಗೇ ಕರೆಯುತ್ತಿದ್ದದ್ದು ಕತೆ ಟೀಚರ್ ಅಂತ. ಉಳಿದ ಟೀಚರುಗಳು ಬೆನ್ನ ಹಿಂದೆ ಕರೆಯುತ್ತಿದ್ದದ್ದು ರೇಡಿಯೋ ಅಂತ. ಎರಡೂ ಸುಳ್ಳಲ್ಲ. ಆಕೆ ಬಾಯಿ ತೆರೆದರೆ ಮುಚ್ಚುತ್ತಿದ್ದದ್ದು ನಿದ್ದೆಗೆ ಮಾತ್ರ. ನಿದ್ದೆಯನ್ನೂ ಅಷ್ಟಾಗಿ ನಂಬುವಂತಿಲ್ಲ ಎಂಬುದು ಗಂಡನ ದೂರು. ಗಂಡ ಗಡಿಯಾರ ರಿಪೇರಿ ಮಾಡುವವರು. ದಿನವಿಡೀ ಟಿಕ್ ಟಿಕ್ ಕೇಳಿ ಮನೆಗೆ ಬಂದರೆ ಅಲ್ಲಿ ಟಿಕ್ಕೂ ಇಲ್ಲ, ಟಕ್ಕೂ ಇಲ್ಲ, ಒಂದೇ ಸಮನೆ ಅಲಾರಂ.

ದಿನದ ಕೊನೆಯ ಪೀರಿಯಡ್ಡು ಕತೆಯದು. ಟೀಚರ್ ಬೀರುವಿನಿಂದ ಒಂದು ಪುಸ್ತಕ ತೆಗೆದು, ಮೇಜಿಗೆ ಒರಗಿ ನಿಂತು ಓದಲು ಶುರು ಮಾಡಿದರೆ ಮಕ್ಕಳು ಮೂಗು ಒರೆಸಿಕೊಳ್ಳುವುದನ್ನೂ ಮರೆತು ಕೂತಿರುತ್ತಿದ್ದವು. ಕತ್ತೆ ಬಂದರೆ ಕತ್ತೆಯ ದನಿ, ಕಳ್ಳ ಬಂದರೆ ಕಳ್ಳನ ದನಿ. ಪಕ್ಕದ ಕ್ಲಾಸಿನ ಲೆಕ್ಕದ ಮೇಷ್ಟ್ರು ಮಗ್ಗಿ ಹೇಳಿಸುವುದನ್ನು ನಿಲ್ಲಿಸಿ ಗೋಡೆಗೆ ಕಿವಿ ಕೊಡುತ್ತಿದ್ದರಂತೆ. ಅವರು ಒಪ್ಪುವುದಿಲ್ಲ, ಬಿಡಿ.

ಆದರೆ ಇದರಲ್ಲೊಂದು ಗುಟ್ಟಿತ್ತು. ಪುಸ್ತಕದಲ್ಲಿ ಇದ್ದದ್ದನ್ನು ಇದ್ದ ಹಾಗೆ ಓದುವ ಜಾಯಮಾನ ಟೀಚರದಲ್ಲ. ಎರಡು ಸಾಲು ಓದುವಷ್ಟರಲ್ಲಿ ನಾಲಗೆ ತುರಿಸುತ್ತಿತ್ತು. ಈ ಸಲ ಕೈಯಲ್ಲಿದ್ದ ಪುಸ್ತಕದಲ್ಲಿ ದೋಣಿಯವನೊಬ್ಬ ತನ್ನ ಕತ್ತೆಯನ್ನು ಹೊಳೆ ದಾಟಿಸುತ್ತಾನೆ. ಅಷ್ಟೇ ಕತೆ, ಕೊನೆಗೆ ಸೋಮಾರಿತನ ಒಳ್ಳೆಯದಲ್ಲ ಎಂಬ ಬುದ್ಧಿಮಾತು. ಇಷ್ಟು ಸಪ್ಪೆಯಾದರೆ ಮಕ್ಕಳಿಗೆ ಹೇಗೆ ರುಚಿಸೀತು? ಟೀಚರ್ ಒಂದು ಜಗಳಗಂಟಿ ಬಾತುಕೋಳಿಯನ್ನು ದೋಣಿ ಹತ್ತಿಸಿಬಿಟ್ಟರು. ಅದು ಹತ್ತಿದ ಮೇಲೆ ಕೇಳಬೇಕೆ! ದೋಣಿಯವನ ಜೊತೆ ಬಾಡಿಗೆಗೆ ಜಗಳ, ಕತ್ತೆಯ ಜೊತೆ ಜಾಗಕ್ಕೆ ಜಗಳ. ಒಂದು ದಿನ ನಡುಹೊಳೆಯಲ್ಲಿ ದೋಣಿಗೆ ತೂತು ಬಿತ್ತು. ಬಾತುಕೋಳಿ, "ಸರೀರಿ ಎಲ್ರೂ, ಇದು ದೊಡ್ಡೋರ ಕೆಲಸ" ಎಂದು ತೂತಿನ ಮೇಲೆ ಅಂಡು ಊರಿ ಕೂತಿತು. ಮಕ್ಕಳು ಬೆಂಚಿನಿಂದ ಬೀಳುವಷ್ಟು ನಕ್ಕವು. ಅಷ್ಟರಲ್ಲಿ ಗಂಟೆ ಹೊಡೆದು ಕತೆ ಅಲ್ಲಿಗೇ ನಿಂತಿತು.

ಅದೇ ಸಂಜೆ ದೊಡ್ಡ ಮೇಡಂ ಕರೆಸಿದರು. ದೊಡ್ಡ ಮೇಡಂ ಅಂದರೆ ಶಾಲೆಯ ಮುಖ್ಯಸ್ಥೆ. ಆಳು ಗಿಡ್ಡ, ಮಾತು ಇನ್ನೂ ಗಿಡ್ಡ.

"ನಿಮ್ಮ ಮಕ್ಕಳು ಕತೆ ಕೇಳೋದ್ರಲ್ಲಿ ಪಂಟರು," ಎಂದರು. "ಓದೋದ್ರಲ್ಲಿ?"

"ಓದ್ತಾರೆ ಮೇಡಂ. ಮೊದಲು ಆಸೆ ಹುಟ್ಟಬೇಕು ನೋಡಿ. ಆಸೆ ಅನ್ನೋದು ಹೇಗೆ ಅಂದ್ರೆ..."

"ನಿಮ್ಮ ಬೀರುವಿನ ಪುಸ್ತಕಗಳ ಮೇಲೆ ಬೆರಳಾಡಿಸಿ ನೋಡಿದೆ. ಧೂಳು ಬಂತು." ದೊಡ್ಡ ಮೇಡಂ ಬೆರಳನ್ನೇ ತೋರಿಸಿದರು. "ಮುಂದಿನ ತಿಂಗಳ ಮೊದಲನೇ ಸೋಮವಾರ ಕ್ಲಾಸಿಗೆ ಬರ್ತೀನಿ. ನಾನು ತರೋ ಪುಸ್ತಕ ಮಕ್ಕಳು ಓದಿದ್ರೆ ಸರಿ. ಇಲ್ದಿದ್ರೆ ಕತೆ ಪೀರಿಯಡ್ಡು ಲೆಕ್ಕದ ಮೇಷ್ಟ್ರಿಗೆ."

ಆ ಒಂದು ಪೀರಿಯಡ್ಡಿನ ಆಸೆಗೆ ಟೀಚರ್ ಬೆಳಗಿನ ಹಾಜರಿಯನ್ನೂ ಮಧ್ಯಾಹ್ನದ ಗಲಾಟೆಯನ್ನೂ ಸಹಿಸಿಕೊಳ್ಳುತ್ತಿದ್ದರು. ಅದೇ ಹೋದರೆ ಶಾಲೆಗೆ ಬರುವುದಾದರೂ ಯಾಕೆ?

ಮರುದಿನದಿಂದಲೇ ಹಟ ತೊಟ್ಟರು. ಓದಿ, ಆಮೇಲೆ ಬಾತುಕೋಳಿ, ಎಂದರು. "ಆ ಕಡೆ ಈ ಕಡೆ ನೋಡಬೇಡಿ, ಬೆರಳು ನೋಡಿ! ಜೋರಾಗಿ!" ಎಂದು ಬೆಳಗಿನಿಂದ ಸಂಜೆಯವರೆಗೆ ಕಿರುಚಿ ಕಿರುಚಿ ಓದಿಸಿದರು. ಇವರು ಕಿರುಚಿದಷ್ಟೂ ಮಕ್ಕಳ ದನಿ ಇಳಿಯುತ್ತ ಹೋಯಿತು. ವಾರ ತುಂಬುವಷ್ಟರಲ್ಲಿ ಟೀಚರ ಗಂಟಲು ಕೈಕೊಟ್ಟಿತು. ಬಾಯಿ ತೆರೆದರೆ ಬರೀ ಗಾಳಿ.

"ಎರಡು ವಾರ ಒಂದು ಮಾತೂ ಆಡಕೂಡದು. ಪಿಸುಮಾತೂ ಬೇಡ," ಎಂದರು ಡಾಕ್ಟರು.

"ಎರಡೇ ವಾರನಾ ಡಾಕ್ಟ್ರೇ?" ಎಂದರು ಗಂಡ. ಟೀಚರ್ ನೋಡಿದ ನೋಟಕ್ಕೆ ಔಷಧಿ ಚೀಟಿ ಹಿಡಿದು ಮೊದಲೇ ಹೊರಗೆ ನಡೆದರು.

ರಜೆ ಹಾಕುವಂತಿರಲಿಲ್ಲ, ಸೋಮವಾರ ಹತ್ತಿರ ಬರುತ್ತಿತ್ತು. ಟೀಚರ್ ಮೂಕಿಯಾಗಿಯೇ ಶಾಲೆಗೆ ಹೋದರು. ಕೊನೆಯ ಪೀರಿಯಡ್ಡಿನಲ್ಲಿ ಮಕ್ಕಳು, "ಬಾತುಕೋಳಿ ಏನಾಯ್ತು ಟೀಚರ್?" ಎಂದು ಮುತ್ತಿಕೊಂಡಾಗ ಆಕೆಗೆ ತಟ್ಟನೆ ಒಂದು ಉಪಾಯ ಹೊಳೆಯಿತು. ಅಯ್ಯೋ, ಇದು ಮೊದಲೇ ಯಾಕೆ ಹೊಳೆಯಲಿಲ್ಲ! ಗಂಟಲು ತೋರಿಸಿ, ಪುಸ್ತಕವನ್ನು ಮೊದಲ ಬೆಂಚಿನ ಮೇಲಿಟ್ಟು, ನೀವೇ ಓದಿಕೊಳ್ಳಿ ಎಂದು ಕೈಸನ್ನೆ ಮಾಡಿದರು. ಮಾಡಿ, ತಮ್ಮ ಜಾಣತನಕ್ಕೆ ತಾವೇ ಮೆಚ್ಚಿಕೊಂಡು ಕುರ್ಚಿಯಲ್ಲಿ ಕೂತರು. ಆ ಪುಸ್ತಕದಲ್ಲಿ ಬಾತುಕೋಳಿಯೇ ಇಲ್ಲ ಎಂಬುದು ಪುಣ್ಯಾತ್ಗಿತ್ತಿಗೆ ನೆನಪಾಗಲಿಲ್ಲ. ಅಷ್ಟು ದಿನ ಹೇಳಿ ಹೇಳಿ, ಅದು ಅಚ್ಚಾಗಿಯೇ ಇದೆ ಎಂದು ಅವರೂ ನಂಬಿಬಿಟ್ಟಿದ್ದರು.

ಕ್ಲಾಸಿನಲ್ಲಿ ತಕ್ಕಮಟ್ಟಿಗೆ ಓದಬಲ್ಲವನು ಒಬ್ಬನೇ, ಕನ್ನಡಕ ಹಾಕುವ ಹುಡುಗ. ಅವನ ಹೆಸರೂ ಕನ್ನಡಕವೇ ಆಗಿಹೋಗಿತ್ತು. ಅವನು ಬೆರಳಿಟ್ಟು ಓದಿದ. ಪುಟ ತಿರುವಿದ. ಹಿಂದಕ್ಕೆ ಬಂದ. ಮತ್ತೆ ಮುಂದಕ್ಕೆ ಹೋದ.

"ಬಾತುಕೋಳಿ ಇಲ್ಲ," ಎಂದ.

"ತೂತು?"

"ತೂತೂ ಇಲ್ಲ. ದೋಣಿ ಸುಮ್ಮನೆ ಆ ಕಡೆ ಹೋಗ್ಬಿಡತ್ತೆ."

ಇಡೀ ಕ್ಲಾಸು ತಿರುಗಿ ಟೀಚರನ್ನು ನೋಡಿತು. ಟೀಚರಿಗೆ ಆಗ ನೆನಪಾಯಿತು. ಮುಖ ಕೆಂಪೇರಿತು, ಗಂಟೆ ಹೊಡೆದದ್ದೇ ಪುಣ್ಯ ಎನಿಸಿತು. ಮಕ್ಕಳು ನಲ್ಲಿಯ ಹತ್ತಿರ ಗುಂಪಾಗಿ ನಿಂತು ಗುಸುಗುಸು ನಡೆಸಿದ್ದನ್ನು ಕಿಟಕಿಯಿಂದ ಕಂಡರು. ನಾಳೆಯಿಂದ ನನ್ನನ್ನು ಸುಳ್ಳುಬುರುಕಿ ಎನ್ನುತ್ತವೆ ಎಂದುಕೊಂಡರು.

ಮರುದಿನ ಸಂಜೆ ಎಲ್ಲ ಹೋದ ಮೇಲೂ ಒಬ್ಬಳು ಉಳಿದುಕೊಂಡಳು. ಇವಳನ್ನು ಎಲ್ಲರೂ ಅಜ್ಜಮ್ಮ ಎಂದೇ ಕರೆಯುತ್ತಿದ್ದರು. ಎಂಟು ವರ್ಷದ ಹುಡುಗಿ, ಮುಂದಿನ ಎರಡು ಹಲ್ಲಿಲ್ಲ, ಸೊಂಟದ ಮೇಲೆ ಕೈಯಿಟ್ಟು ಊರಿಗೆಲ್ಲ ಬುದ್ಧಿ ಹೇಳುವವಳು. ಓದು ಎಂದರೆ ಮಾತ್ರ ಅವಳಿಗೆ ತಪ್ಪದೆ ಹೊಟ್ಟೆನೋವು ಬರುತ್ತಿತ್ತು. ಬರವಣಿಗೆಯಲ್ಲಿ ಕ್ಲಾಸಿಗೇ ಮೊದಲು; ಅವಳ ಪುಸ್ತಕದ ತುಂಬ "ತುಂಬಾ ಚೆನ್ನಾಗಿದೆ" ಎಂದು ಟೀಚರೇ ಕೆಂಪು ಶಾಯಿಯಲ್ಲಿ ಬರೆದಿದ್ದರು.

ಅಜ್ಜಮ್ಮ ಬಾಗಿಲ ಕಡೆ ಒಮ್ಮೆ ನೋಡಿ, ಹತ್ತಿರ ಬಂದು, ದನಿ ತಗ್ಗಿಸಿದಳು.

"ಟೀಚರ್, ಕೋಪ ಮಾಡ್ಕೋಬೇಡಿ. ನಿಮಗೆ ಓದೋಕೆ ಬರಲ್ಲ, ಅಲ್ವಾ?"

ಟೀಚರ್ ಬಾಯಿ ತೆರೆದರು. ಗಾಳಿ ಬಂತು. ಎರಡೆರಡು ಡಿಗ್ರಿ ಮಾಡಿದ ಹೆಂಗಸು! ಹಣೆ ಹಣೆ ಚಚ್ಚಿಕೊಂಡರು.

"ಅಳಬೇಡಿ, ಅಳಬೇಡಿ," ಎಂದಳು ಅಜ್ಜಮ್ಮ. "ಪುಸ್ತಕದಲ್ಲಿ ಇರೋದು ಒಂದು, ನೀವು ಓದಿದ್ದು ಇನ್ನೊಂದು. ಆಗಲೇ ನಂಗೆ ಗೊತ್ತಾಯ್ತು."

ಟೀಚರ್ ಎದ್ದು ಬೋರ್ಡಿನ ಮೇಲೆ ದಪ್ಪ ಅಕ್ಷರದಲ್ಲಿ, "ನನಗೆ ಚೆನ್ನಾಗಿ ಓದಲು ಬರುತ್ತದೆ" ಎಂದು ಬರೆದರು. ಬರೆದು, ಅದನ್ನು ಕುಟ್ಟಿ ಕುಟ್ಟಿ ತೋರಿಸಿದರು.

ಅಜ್ಜಮ್ಮ ತಲೆ ವಾಲಿಸಿ ನೋಡಿದಳು. "ಅಕ್ಷರ ಮುತ್ತಿನ ಹಾಗಿದೆ. ನಂದೂ ಹಾಗೇ ಟೀಚರ್. ಬೋರ್ಡಲ್ಲಿ ಏನಿದ್ರೂ ನೋಡ್ಕೊಂಡು ಬರೀತೀನಿ. ಏನು ಬರೆದೆ ಅಂತ ಮಾತ್ರ ಗೊತ್ತಾಗಲ್ಲ. ಒಂದೊಂದೇ ಅಕ್ಷರ ಗೊತ್ತು, ಕೂಡಿಸೋಕೆ ಹೋದ್ರೆ ಎಲ್ಲ ಓಡ್ಹೋಗತ್ತೆ. ಹೊಟ್ಟೆನೋವು ಅಂತ ಹೇಳಿ ತಪ್ಪಿಸ್ಕೋತೀನಿ. ನೀವು ಬಾತುಕೋಳಿ ಅಂತ ಹೇಳಿ ತಪ್ಪಿಸ್ಕೋತೀರಿ."

ಟೀಚರ ಕೈಯಿಂದ ಸೀಮೆಸುಣ್ಣ ಜಾರಿತು. ಹುಡುಗಿಯ ಮೇಲೆ ಬಂದಿದ್ದ ಸಿಟ್ಟು ಎಲ್ಲಿ ಹೋಯಿತೋ. ಇಡೀ ವರ್ಷ ಈ ಹುಡುಗಿ ಮೂರನೇ ಬೆಂಚಿನಲ್ಲಿ ಕೂತು ಈ ಗುಟ್ಟನ್ನು ಒಬ್ಬಳೇ ಹೊತ್ತುಕೊಂಡಿದ್ದಳು, ತಾವು ಕತ್ತೆಯ ದನಿ ಮಾಡುತ್ತಿದ್ದರು, ಕೆಂಪು ಶಾಯಿಯಲ್ಲಿ ಹೊಗಳುತ್ತಿದ್ದರು. ಟೀಚರಿಗೆ ನಾಚಿಕೆಯಾಯಿತು.

"ನಾವು ಯಾರಿಗೂ ಹೇಳಲ್ಲ," ಎಂದು ಅಜ್ಜಮ್ಮ ಧೈರ್ಯ ತುಂಬಿದಳು. "ದೊಡ್ಡ ಮೇಡಂಗೆ ಗೊತ್ತಾದ್ರೆ ನಿಮ್ಮನ್ನ ಕೆಲಸದಿಂದ ತೆಗೀತಾರೆ. ಎಲ್ರೂ ಸೇರಿ ಮಾತಾಡ್ಕೊಂಡಿದೀವಿ. ನಾವೇ ನಿಮಗೆ ಕಲಿಸ್ತೀವಿ."

ಮರುದಿನದಿಂದ ಪಾಠ ಶುರುವಾಯಿತು. ಕೊನೆಯ ಪೀರಿಯಡ್ಡಿನಲ್ಲಿ ಟೀಚರನ್ನು ಬೆಂಚಿನ ನಡುವೆ ಕೂರಿಸಿಕೊಂಡು, ಸರದಿಯ ಮೇಲೆ ಒಬ್ಬೊಬ್ಬರು ಓದಿ ಹೇಳುವುದು. ಆದರೆ ತನಗೇ ಬಾರದ್ದನ್ನು ಇನ್ನೊಬ್ಬರಿಗೆ ಕಲಿಸುವುದು ಹೇಗೆ? ಹಾಗಾಗಿ ಊಟದ ಬಿಡುವಿನಲ್ಲಿ ಎಲ್ಲ ಕನ್ನಡಕನ ಮುಂದೆ ಸಾಲು ನಿಲ್ಲುತ್ತಿದ್ದವು, ಸಂಜೆಯ ಪುಟವನ್ನು ಮೊದಲೇ ರೂಢಿ ಮಾಡಿಕೊಳ್ಳುತ್ತಿದ್ದವು. ಪಾಪದ ಹುಡುಗನಿಗೆ ಊಟ ಮಾಡಲೂ ಪುರುಸೊತ್ತಿರಲಿಲ್ಲ. ಜೊತೆಗೆ, ಟೀಚರ್ ಯಾವುದೋ ಬೇರೆ ಪುಸ್ತಕದ ಬಾತುಕೋಳಿಯನ್ನು ಇಲ್ಲಿ ತಂದು ಸೇರಿಸಿರಬೇಕು ಎಂದು ಯಾರೋ ಹೇಳಿದ್ದರಿಂದ ಬೀರುವಿನ ಪುಸ್ತಕಗಳೆಲ್ಲ ಕೆಳಗಿಳಿದವು. ಬಾತುಕೋಳಿ ಯಾವುದರಲ್ಲೂ ಸಿಗಲಿಲ್ಲ. ಆದರೆ ಒಂದರಲ್ಲಿ ಗೊರಕೆ ಹೊಡೆಯುವ ಕರಡಿ ಸಿಕ್ಕಿತು, ಇನ್ನೊಂದರಲ್ಲಿ ಚಪ್ಪಲಿ ಕದಿಯುವ ನರಿ ಸಿಕ್ಕಿತು. ಮನೆಗೆ ಕೊಂಡೊಯ್ಯಲು ಕಿತ್ತಾಟ ಶುರುವಾಯಿತು.

ಎಲ್ಲಕ್ಕಿಂತ ಬಿಗಿ ಅಜ್ಜಮ್ಮನ ಪಾಠ. "ಆ ಕಡೆ ಈ ಕಡೆ ನೋಡಬೇಡಿ ಟೀಚರ್, ಬೆರಳು ನೋಡಿ!" ಎಂದು ಗದರುತ್ತಿದ್ದಳು. ಮೊದಲ ದಿನ ಒಂದು ಸಾಲಿಗೆ ಬೆವರಿದಳು. ಆಮೇಲೆ ಎರಡು ಸಾಲು ಬಂದವು, ಆಮೇಲೆ ಅರ್ಧ ಪುಟ. ಒತ್ತಕ್ಷರ ಬಂದರೆ ತುಟಿ ಕಚ್ಚಿ, ಅದನ್ನು ಬಿಡಿಸಿ, ಜೋಡಿಸಿ, ಕೊನೆಗೆ ಪದ ಬಾಯಿಗೆ ಬಂದಾಗ, "ಅರ್ಥ ಆಯ್ತಾ ನಿಮಗೆ?" ಎಂದು ಕೇಳುತ್ತಿದ್ದಳು. ಟೀಚರ್ ತಲೆಯಾಡಿಸುತ್ತಿದ್ದರು. ಅವಳಿಗೆ ಹೊಟ್ಟೆನೋವು ಬರುವುದು ನಿಂತೇಹೋಗಿತ್ತು.

ಎರಡು ವಾರಕ್ಕೆ ದನಿ ವಾಪಸು ಬಂತು. ಟೀಚರ್ ಕೂಡಿಟ್ಟಿದ್ದನ್ನೆಲ್ಲ ಗಂಡನ ಮುಂದೆ ಸುರಿದರು. ಗಂಡ ನಕ್ಕ ನಗುವಿಗೆ ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗನ್ನಡಿ ಕಳಚಿ ಬಿತ್ತು.

"ಡಬಲ್ ಡಿಗ್ರಿ ಹೆಂಡತಿಗೆ ಮೂರನೇ ಕ್ಲಾಸಲ್ಲಿ ಟ್ಯೂಷನ್ನು! ನಾಳೆ ಹೇಳಿಬಿಡು ಮಾರಾಯ್ತಿ, ಓದೋಕೆ ಬರತ್ತೆ ಅಂತ."

"ಹೇಳಿದ್ರೆ ಅವು ಓದೋದು ನಿಲ್ಲಿಸ್ತಾವೆ ಕಣ್ರೀ."

"ಹೇಳ್ದೇ ಇದ್ರೆ ಮಾನ ಮರ್ಯಾದೆ?"

ಟೀಚರ್ ಯೋಚಿಸಿದರು. ಮಕ್ಕಳು ಮನೆಯಲ್ಲಿ ಬಾಯಿಬಿಟ್ಟರೆ ಊರೆಲ್ಲ ನಗುತ್ತದೆ. ಮನಸ್ಸು ಹಿಂದೆಗೆಯಿತು, ಆದರೆ ಅಜ್ಜಮ್ಮನ ಕಚ್ಚಿದ ತುಟಿ ಕಣ್ಣ ಮುಂದೆ ಬಂತು. "ಹಾಳಾಗ್ಹೋಗ್ಲಿ ಬಿಡಿ," ಎಂದರು. ಬೆಳಿಗ್ಗೆ ಹಾಜರಿ ಕರೆದರು, ಪಾಠ ಮಾಡಿದರು; ಕೊನೆಯ ಪೀರಿಯಡ್ಡಿಗೆ ಗಂಟಲು ಹಿಡಿದುಕೊಂಡು ಸುಮ್ಮನೆ ಬೆಂಚಿನ ನಡುವೆ ಹೋಗಿ ಕೂತರು. ಶಾಲೆಯ ರೇಡಿಯೋ ತಾನಾಗಿ ಆಫ್ ಆದದ್ದು ಅದೇ ಮೊದಲು.

ಸೋಮವಾರ ಬಂತು. ದೊಡ್ಡ ಮೇಡಂ ಹೊಸ ಪುಸ್ತಕ ಹಿಡಿದು ಬಂದರು. ಅದರ ಅಂಟಿನ ವಾಸನೆ ಕೂಡ ಹೋಗಿರಲಿಲ್ಲ. ಅದನ್ನು ಯಾರೂ ನೋಡಿರಲಿಲ್ಲ, ಯಾರೂ ರೂಢಿ ಮಾಡಿಕೊಂಡಿರಲಿಲ್ಲ.

"ಮೊದಲು ನೀವೊಂದು ಪುಟ ಓದಿ ಟೀಚರ್," ಎಂದು ಪುಸ್ತಕ ಮುಂದಕ್ಕೆ ಚಾಚಿದರು. "ಮಕ್ಕಳು ಆಮೇಲೆ ಓದಲಿ."

ಕನ್ನಡಕ ಕಣ್ಣು ಮುಚ್ಚಿಕೊಂಡ. ಟೀಚರ್ ಕೈ ಚಾಚುವಷ್ಟರಲ್ಲಿ ಮೂರನೇ ಬೆಂಚಿನಿಂದ ಅಜ್ಜಮ್ಮ ಎದ್ದು ಓಡಿಬಂದಳು.

"ಮೇಡಂ! ಟೀಚರ್ ಗಂಟಲು ಇನ್ನೂ ಸರಿ ಹೋಗಿಲ್ಲ. ನಾನು ಓದ್ತೀನಿ."

"ಬೆಳಿಗ್ಗೆ ಹಾಜರಿ ಕರೆದಿದ್ದು ನನ್ನ ರೂಮಿಗೇ ಕೇಳಿಸ್ತಲ್ಲಮ್ಮ?"

"ಹಾಜರಿಗೆ ಸಾಕಾಗತ್ತೆ ಮೇಡಂ. ಪುಸ್ತಕಕ್ಕೆ ಸಾಕಾಗಲ್ಲ."

ಪುಸ್ತಕ ಅವಳ ಕೈಗೆ ಬಂತು. ಮೊದಲ ಸಾಲಿನ ಕೆಳಗೆ ಬೆರಳಿಟ್ಟಳು. ಟೀಚರ್ ಸೆರಗಿನ ತುದಿಯನ್ನು ಹಿಂಡುತ್ತ ನಿಂತರು. ಪೀರಿಯಡ್ಡು ಹೋದರೆ ಹೋಗಲಿ, ಇವಳು ಎಲ್ಲರ ಮುಂದೆ ಕುಸಿಯದಿದ್ದರೆ ಸಾಕು ಎಂದು ಬೇಡಿಕೊಂಡರು. "ಒಂದು... ಊರಿಗೆ... ಸ... ಸರ್..." ಅಜ್ಜಮ್ಮ ನಿಂತಳು. ತುಟಿ ಕಚ್ಚಿದಳು. "ಸರ್ಕ... ಸರ್ಕಸ್ಸು! ಸರ್ಕಸ್ಸು ಬಂತು." ಆಮೇಲೆ ಬೆರಳು ಸಾಲಿನ ಮೇಲೆ ಸರಾಗವಾಗಿ ಹೊರಟಿತು. ಪುಟ ಮುಗಿಯಿತು. "ಸಾಕು" ಎಂದರೂ ಕೇಳದೆ ಇನ್ನೊಂದು ಪುಟ ಓದಿದಳು. ಅವಳ ಕೈಯಿಂದ ಪಕ್ಕದವನು ಕಿತ್ತುಕೊಂಡ, ಅವನಿಂದ ಹಿಂದಿನ ಬೆಂಚಿನವಳು. ಕೆಲವರು ತಡವರಿಸಿದರು, ಒಬ್ಬ ಒಂದು ಸಾಲನ್ನೇ ನುಂಗಿದ, ಆದರೆ ಪುಸ್ತಕ ಬೆಂಚಿನಿಂದ ಬೆಂಚಿಗೆ ಹೋಯಿತೇ ಹೊರತು ಟೀಚರ ಮೇಜಿನ ಹತ್ತಿರ ಸುಳಿಯಲಿಲ್ಲ.

ದೊಡ್ಡ ಮೇಡಂ ಬೀರುವಿನ ಮೇಲೆ ಬೆರಳಾಡಿಸಿ ನೋಡಿದರು. ಬೆರಳಿಗೆ ಏನೂ ಹತ್ತಲಿಲ್ಲ. "ಪೀರಿಯಡ್ಡು ನಿಮ್ಮದೇ," ಎಂದರು. ಬಾಗಿಲಲ್ಲಿ ನಿಂತು, "ಅಲ್ಲಾ, ನಿಮ್ಮ ಕೈಗೆ ಪುಸ್ತಕ ಕೊಡೋಕೇ ಬಿಡಲಿಲ್ಲವಲ್ಲ, ಏನು ಮಾಡಿದ್ರಿ ಈ ಮಕ್ಕಳಿಗೆ?" ಎಂದು ಕೇಳಿದರು.

"ಆಸೆ ಮೇಡಂ. ಆಸೆ ಅನ್ನೋದು ಹೇಗೆ ಅಂದ್ರೆ..."

"ಗಂಟಲು ನೋಯತ್ತೆ, ಬಿಡಿ," ಎಂದು ದೊಡ್ಡ ಮೇಡಂ ಹೊರಟುಹೋದರು.

"ಬದುಕಿದ್ವಿ!" ಎಂದು ಅಜ್ಜಮ್ಮ ಲಂಗದಲ್ಲಿ ಮುಖ ಒರೆಸಿಕೊಂಡಳು.

ಟೀಚರ್ ದೋಣಿಯವನ ಪುಸ್ತಕವನ್ನು ತೆಗೆದುಕೊಂಡು ಮಕ್ಕಳ ನಡುವೆ ಕೂತರು. ಅಕ್ಷರದ ಕೆಳಗೆ ಬೆರಳಿಟ್ಟು ಮೊದಲ ಪುಟವನ್ನು ನಿಧಾನವಾಗಿ ಓದಿದರು. ಒಂದು ಮಾತು ಸೇರಿಸಲಿಲ್ಲ, ಒಂದು ಮಾತು ಬಿಡಲಿಲ್ಲ. ಜೀವಮಾನದಲ್ಲೇ ಮೊದಲ ಬಾರಿಗೆ ಇದ್ದದ್ದನ್ನು ಇದ್ದ ಹಾಗೆ ಓದಿದರು. ಕನ್ನಡಕ ಪಕ್ಕದಿಂದ ಬಗ್ಗಿ ಪದಪದವನ್ನೂ ತಾಳೆ ನೋಡಿದ.

"ಎಲ್ಲ ಸರಿ ಇದೆ!" ಎಂದು ಕೂಗಿದ. "ಬಂತು! ಟೀಚರಿಗೆ ಓದೋಕೆ ಬಂತು!"

ಕ್ಲಾಸು ಚಪ್ಪಾಳೆ ತಟ್ಟಿ ಕುಣಿಯಿತು. ಟೀಚರ್ ಕಣ್ಣೊರೆಸಿಕೊಂಡರು. ಅಜ್ಜಮ್ಮ ಅವರ ಕೈ ತಟ್ಟಿದಳು.

"ನಾನು ಹೇಳಿಲ್ವಾ? ನಂಗೇ ಬಂದ ಮೇಲೆ ನಿಮಗೆ ಬರದೇ ಇರತ್ತಾ?" ಎಂದಳು. ಆಮೇಲೆ ಉಳಿದವರಿಗೆ ಕೇಳಿಸಬಾರದೆಂದು ಕಿವಿಯ ಹತ್ತಿರ ಬಗ್ಗಿದಳು. "ಆದ್ರೆ ಟೀಚರ್, ಬೇಜಾರು ಮಾಡ್ಕೋಬೇಡಿ. ನಿಮಗೆ ಓದೋಕೆ ಬರದೇ ಇದ್ದಾಗಲೇ ಕತೆ ಚೆನ್ನಾಗಿತ್ತು."