ತೂರೆಯವರ ಬುಕಿಂಗ್

ಮಂಗಳವಾರ ಬೆಳಿಗ್ಗೆ ಹತ್ತು ನಿಮಿಷ ಕರೆಂಟು ಹೋಗಿ ಬಂತು. ಎಲ್ಲ ಯಂತ್ರಗಳೂ ಎದ್ದವು, ಎಲ್ಲರೂ ಕಾಫಿಗೆ ಸೇರುವ ಫಿಕಾ ಕೋಣೆಯ ಮೂಲೆಯಲ್ಲಿದ್ದ ಹಳೆಯ ಕಂಪ್ಯೂಟರೊಂದನ್ನು ಬಿಟ್ಟು. ಫ್ಲೆಮಿಂಗ್ಸ್‌ಬೆರ್ಯ್ ಸ್ಟೇಷನ್ನಿನಿಂದ ಎರಡು ಬಸ್ ಸ್ಟಾಪ್ ಆಚೆಗಿರುವ ನಮ್ಮ ಪುಟ್ಟ ಸಂಶೋಧನಾ ಕೇಂದ್ರದಲ್ಲಿ ಮೈಕ್ರೋಸ್ಕೋಪು ಹೊಸದು. ಅದನ್ನು ಬುಕ್ ಮಾಡುವ ವೆಬ್ ಪುಟ ಮಾತ್ರ ಈ ಮುದಿ ಕಂಪ್ಯೂಟರಿನಲ್ಲಿದೆ. ಮೈಕ್ರೋಸ್ಕೋಪ್ ಕೋಣೆಯ ಬಾಗಿಲೂ ಅದನ್ನು ಕೇಳಿಯೇ ತೆರೆದುಕೊಳ್ಳುತ್ತದೆ.

ನನ್ನ ಹತ್ತಿರ ಮೂರು ದಿನದ ನಲವತ್ತು ಜೀಬ್ರಾ ಮೀನಿನ ಮರಿಗಳಿದ್ದವು. ಗಾಜಿನಂಥ ಮೈ, ಒಳಗೆ ಹೃದಯ ಬಡಿಯುವುದು ಕಾಣುತ್ತದೆ. ಐದು ದಿನ ತುಂಬಿದರೆ ಅವು ಕಾನೂನಿನ ಪ್ರಕಾರ ಪ್ರಾಣಿಗಳಾಗುತ್ತವೆ. ಅಲ್ಲಿಯವರೆಗೆ ಅವು ಏನು ಎಂದು ಕಾನೂನು ಹೇಳುವುದಿಲ್ಲ. ಪ್ರಾಣಿಗಳ ಮೇಲೆ ಪ್ರಯೋಗ ಮಾಡುವ ಪರವಾನಗಿ ನನಗಿರಲಿಲ್ಲ. ಶುಕ್ರವಾರ ನನ್ನ ಪಿಎಚ್‌ಡಿಯ ಅರ್ಧಾವಧಿ ಪರಿಶೀಲನೆ. ಅಲ್ಲಿ ತೋರಿಸಲು ಈ ಹೃದಯಗಳ ಚಿತ್ರಗಳನ್ನು ಬಿಟ್ಟು ಬೇರೇನೂ ಇರಲಿಲ್ಲ. ಗುರುವಾರ ಮಧ್ಯಾಹ್ನ ಹನ್ನೆರಡಕ್ಕೆ ಮರಿಗಳಿಗೆ ಐದು ದಿನ ತುಂಬುತ್ತಿತ್ತು, ಅದೇ ಗಡುವು.

ಕಂಪ್ಯೂಟರ್ ನೋಡಿಕೊಳ್ಳುವವರಿಗೆ ಬರೆದೆ. 'ಆಗಸ್ಟ್‌ವರೆಗೆ ಮಗುವಿನೊಂದಿಗೆ ರಜೆಯಲ್ಲಿದ್ದೇನೆ' ಎಂದು ತಾನಾಗಿಯೇ ಉತ್ತರ ಬಂತು. ನಮ್ಮ ಮುಖ್ಯಸ್ಥೆ ಗುನಿಲ್ಲಾ ಸಮಾಧಾನವಾಗಿ ಹೇಳಿದರು: "ಎಲ್ಲರೂ ಕೂತು ಚರ್ಚಿಸೋಣ. ಮೀಟಿಂಗ್ ಕೋಣೆ ಬುಕ್ ಮಾಡು."

ಮೀಟಿಂಗ್ ಕೋಣೆಯ ಬುಕಿಂಗೂ ಅದೇ ಕಂಪ್ಯೂಟರಿನಲ್ಲಿತ್ತು.

ಕೊನೆಗೆ ಗೋಥೆನ್‌ಬರ್ಗಿನ ಮಾಜಿದ್ ಭಾಯ್‌ಗೆ ಫೋನ್ ಮಾಡಿದೆ. ನನ್ನ ಕಾಲೇಜು ಗೆಳತಿ ಮಹ್ವಿಶ್‌ಳ ಗಂಡ, ವೆಬ್ ಸರ್ವರ್‌ಗಳೇ ಅವರ ಹೊಟ್ಟೆಪಾಡು.

"ಸ್ಕ್ರೀನ್ ಮೇಲೆ ಏನಿದೆ ನೋಡಮ್ಮ," ಎಂದರು. ಹಿಂದೆ ಟ್ರಾಮಿನ ಸದ್ದು.

"ಕ್ಲಾಕ್ ಬ್ಯಾಟರಿ ಸತ್ತಿದೆ, ಎಫ್-ಒನ್ ಒತ್ತಿ ಅಂತಿದೆ. ಆದ್ರೆ ಕೀಬೋರ್ಡೇ ಇಲ್ಲ ಭಾಯ್."

"ಕೀಬೋರ್ಡ್ ತಂದು ಚುಚ್ಚಿ, ಒತ್ತು. ಡಾಕ್ಟ್ರಾಗೋಳಿಗೆ ಇದನ್ನೂ ಹೇಳ್ಕೊಡ್ಬೇಕಾ?"

ಒತ್ತಿದೆ. ಸರ್ವರ್ ಎದ್ದಿತು, ಪುಟ ಬಂತು. ಆದರೆ ಮೇಲೆ '1 ಜನವರಿ 2004' ಎಂದಿತ್ತು. ಬ್ಯಾಟರಿ ಸತ್ತ ಕಂಪ್ಯೂಟರಿಗೆ ನೆನಪಿದ್ದದ್ದು ಅದೊಂದೇ ದಿನ. ದಿನಾಂಕ ಬದಲಿಸಲು ಹೋದರೆ ಪಾಸ್‌ವರ್ಡ್ ಕೇಳಿತು. ಅದು ಮಗುವಿನ ಜೊತೆ ರಜೆಯಲ್ಲಿತ್ತು. ಈ ವರ್ಷದ ಗುರುವಾರವನ್ನೇ ಬುಕ್ ಮಾಡಲು ನೋಡಿದರೆ, ನಾಲ್ಕು ವಾರಕ್ಕಿಂತ ಮುಂಚೆ ಬುಕ್ ಮಾಡುವಂತಿಲ್ಲ ಎಂದು ಪುಟ ಗದರಿತು.

"ಪುಟ ಬರೆದಿರೋ ಪಿಎಚ್‌ಪಿ ಯಾವ ವರ್ಷನ್ನು?" ಎಂದು ಮಾಜಿದ್ ಕೇಳಿದರು.

"ಫೋರ್ ಅಂತಿದೆ."

"ಯಾ ಅಲ್ಲಾ! ಅದು ಕೋಡ್ ಅಲ್ಲಮ್ಮ, ಶಾಸನ. ಮುಟ್ಬೇಡ. 2004ರಲ್ಲೇ ಬುಕ್ ಮಾಡು, ಯಾರಿಗೇನು ನಷ್ಟ?"

ಅದಕ್ಕೂ ಜಾಗವಿರಲಿಲ್ಲ. ಜನವರಿ ಒಂದರಿಂದ ಏಳರವರೆಗೆ ಇಡೀ ವಾರ ಒಂದೇ ಹೆಸರು: ತೂರೆ. ಅಳಿಸಲು ಹೋದರೆ 'ಬುಕ್ ಮಾಡಿದವರನ್ನು ಕೇಳಿದ್ದೀರಾ?' ಎಂಬ ಪ್ರಶ್ನೆ.

"ಹೌದು ಅಂತ ಒತ್ತು, ಮುಗೀತು," ಎಂದರು ಮಾಜಿದ್.

"ಕೇಳಿಲ್ವಲ್ಲ ಭಾಯ್."

"ಇಪ್ಪತ್ತು ವರ್ಷದ ಹಿಂದಿನವ್ರನ್ನ ಯಾರಮ್ಮ ಕೇಳ್ತಾರೆ?"

ನಾನು ಓದಲು ಬಂದಿರುವ ಈ ದೇಶದಲ್ಲಿ ಕೇಳುತ್ತಾರೆ. ಕಟ್ಟಡದವರೆಲ್ಲ ಸರದಿ ಬುಕ್ ಮಾಡಿ ಬಟ್ಟೆ ಒಗೆಯುವ ಕೋಣೆಯಲ್ಲಿ ಇನ್ನೊಬ್ಬರ ಸಮಯವನ್ನು ಹತ್ತು ನಿಮಿಷ ಕದ್ದವಳ ಜೊತೆ ನೆರೆಯವರು ಎರಡು ವರ್ಷ ಮಾತು ಬಿಟ್ಟದ್ದನ್ನು ನಾನು ಕಂಡಿದ್ದೇನೆ. ಕದ್ದವಳು ನಾನೇ. ಗುನಿಲ್ಲಾರಿಂದ ತೂರೆಯವರ ನಂಬರ್ ಪಡೆದೆ. ಅವರು ನಿವೃತ್ತರಾಗಿ ಹತ್ತೊಂಬತ್ತು ವರ್ಷವಾಗಿತ್ತು.

"ನಮಸ್ಕಾರ, 2004ರ ಜನವರಿ ಮೊದಲ ವಾರಕ್ಕೆ ನಿಮ್ಮದೊಂದು ಮೈಕ್ರೋಸ್ಕೋಪ್ ಬುಕಿಂಗ್ ಇದೆ. ರದ್ದು ಮಾಡಬಹುದೇ?"



"ಆ ವಾರ ನನಗೆ ಜ್ವರವಿತ್ತು," ಎಂದಿತು ಮುದಿ ದನಿ. "ಇನ್ನೂ ಇದೆಯೇ ಅದು?"

"ನಮ್ಮ ಕಂಪ್ಯೂಟರಿನಲ್ಲಿ ಈಗ ಆ ವಾರವೇ ನಡೆಯುತ್ತಿದೆ. ಸೋಮವಾರದವರೆಗೆ ಇದೆ."

"ದಯವಿಟ್ಟು ರದ್ದು ಮಾಡಬೇಡಿ. ಗುರುವಾರ ಬಿಡುವಾಗಿದ್ದೇನೆ."

ಆ ಫೋನ್ ಮಾಡಿದ್ದಕ್ಕೆ ಎರಡು ದಿನ ನನ್ನನ್ನೇ ಬೈದುಕೊಂಡೆ. ಬುಧವಾರ ಅಳಿಸುವ ಗುಂಡಿಯ ಮೇಲೆ ಬೆರಳಿಟ್ಟೆ, ತೆಗೆದೆ. ಈಗಂತೂ ಕೇಳಿಯಾಗಿತ್ತು, ಅವರು ಒಲ್ಲೆ ಎಂದೂ ಆಗಿತ್ತು.

ಗುರುವಾರ ಹತ್ತೂವರೆಗೆ ತೂರೆ ಬಂದರು. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಕಾಫಿ ಫ್ಲಾಸ್ಕು. ನಾನು ಮರಿಗಳ ತಟ್ಟೆ ಹಿಡಿದು ಬಾಗಿಲ ಬಳಿ ನಿಂತಿದ್ದೆ. ಆಸೆಯಿಂದ ನನ್ನ ಕಾರ್ಡ್ ತೋರಿಸಿದೆ. ಕೆಂಪು ದೀಪ. ಕೆಲಸಕ್ಕೆ ನಾನು ಸೇರಿದ್ದು 2022ರಲ್ಲಿ. ಬಾಗಿಲಿನ ಲೆಕ್ಕದಲ್ಲಿ ಅದಕ್ಕಿನ್ನೂ ಹದಿನೆಂಟು ವರ್ಷ ಇತ್ತು. ಬುಕಿಂಗ್ ಕದ್ದಿದ್ದರೂ ಒಳಗೆ ಹೋಗಲಾಗುತ್ತಿರಲಿಲ್ಲ. 2004ರ ನಂತರವೇ ಸೇರಿದ ಗುನಿಲ್ಲಾರಿಗೂ ಕೆಂಪೇ.

ತೂರೆ ಪರ್ಸಿನಿಂದ ಮಾಸಿದ ಕಾರ್ಡೊಂದನ್ನು ತೆಗೆದರು. 2006ರವರೆಗೆ ಮಾನ್ಯ. ಹಸಿರು ದೀಪ ಬಂತು, ಬಾಗಿಲು ತೆರೆಯಿತು.

ಅವರು ಕುರ್ಚಿಯ ಎತ್ತರ ಸರಿಮಾಡಿ, ಕನ್ನಡಕ ಒರೆಸಿ, ಮೈಕ್ರೋಸ್ಕೋಪಿನ ಮುಂದೆ ಕೂತರು. ಖಾಲಿ ಮಸೂರದೊಳಗೆ ಇಣುಕಿದರು. ನಾನು ಗಡಿಯಾರ ನೋಡುತ್ತಿದ್ದೆ.

"ನನ್ನ ಸ್ಯಾಂಪಲ್ಲುಗಳನ್ನು ಎಸೆದುಬಿಟ್ಟಿರಬೇಕು," ಎಂದರು ಕೊನೆಗೆ. "ಸಮಯ ಇದೆ, ನೋಡಲು ಏನೂ ಇಲ್ಲ. ನಿಮ್ಮ ಹತ್ತಿರ ಏನಾದರೂ ಇದೆಯೇ?"

"ನಲವತ್ತು ಇವೆ," ಎಂದೆ. ತಟ್ಟೆಯನ್ನು ಮುಂದೆ ಚಾಚಿದೆ.

ಹೊಸ ಯಂತ್ರದ ಗುಂಡಿಗಳನ್ನು ನಾನು ತೋರಿಸಿದೆ, ಫೋಕಸ್ ಅವರು ಮಾಡಿದರು. ಅಷ್ಟು ನಿಧಾನದ, ಅಷ್ಟು ಖಚಿತವಾದ ಕೈಯನ್ನು ನಾನು ಕಂಡಿಲ್ಲ. ಒಂದೊಂದು ಹೃದಯ ಬಂದಾಗಲೂ "ಹಾ, ಹಾ," ಎನ್ನುತ್ತಿದ್ದರು. ಹನ್ನೊಂದು ಐವತ್ತೆರಡಕ್ಕೆ ನಲವತ್ತನೆಯದು ಮುಗಿಯಿತು. ಎಂಟು ನಿಮಿಷದ ನಂತರ ಅವೆಲ್ಲ ಪ್ರಾಣಿಗಳಾಗುತ್ತಿದ್ದವು.

ಪ್ರತಿ ಚಿತ್ರದ ಕೆಳಗೂ ತೂರೆಯವರ ಹೆಸರು, 3 ಜನವರಿ 2004 ಎಂಬ ದಿನಾಂಕ. ಆಗ ನಾನು ದಾವಣಗೆರೆಯಲ್ಲಿ ಯುಕೆಜಿಯಲ್ಲಿದ್ದೆ. ನಾಳೆ ಪರಿಶೀಲಕರಿಗೆ ಇದನ್ನು ವಿವರಿಸಬೇಕಿತ್ತು. ಪರವಾಗಿಲ್ಲ, ವಿವರಿಸಲು ಈಗ ಏನೋ ಇತ್ತು.

ತೂರೆ ಫ್ಲಾಸ್ಕಿನ ಮುಚ್ಚಳಕ್ಕೆ ಕಾಫಿ ಬಗ್ಗಿಸಿ ನನಗೆ ಕೊಟ್ಟರು.

"ಆ ಕಂಪ್ಯೂಟರನ್ನು ಯಾವಾಗ ಸರಿಮಾಡುತ್ತೀರಿ?"

"ಚರ್ಚಿಸಬೇಕು. ಮೀಟಿಂಗ್ ಕೋಣೆ ಸಿಕ್ಕಿಲ್ಲ."

"ಅವಸರ ಬೇಡ," ಎಂದು ಅವರು ಕಾರ್ಡನ್ನು ಜೋಪಾನವಾಗಿ ಪರ್ಸಿಗೆ ಸೇರಿಸಿದರು. "ಏಳನೇ ತಾರೀಖಿನವರೆಗೆ ನನ್ನದೇ ಸಮಯ. ನಾಳೆ ನಿಮ್ಮ ಪರಿಶೀಲನೆ ಮುಗಿಯಲಿ. ಇನ್ನಷ್ಟು ಮೊಟ್ಟೆಗಳಿವೆಯೇ?"