ಹಡೀಲಾರದಾಕಿಗೆ ಹೆಂಗ ಗೊತ್ತಾತು

ಮೆತ್ತಗಾತಲ್ಲ ಮತ್ತ ಗರ್ಭಚೀಲ, ಈಗರ ಅಂಗೈ ಕೆಳಗ ಗಟ್ಟಿ ಇತ್ತು, ತಿಕ್ಕೂದು ಬಿಟ್ಟ ಕೂಡಲೇ ನಾದಿದ ಕಣಕದಂಗ ಸಡಲಾತು — ಯಾಕ? ಕೂಸು ಹುಟ್ಟಿ ಚಂದಂಗಿ ಅತ್ತಿತು, ಮಾಸು ಬಿತ್ತು, ಹರವಿ ನೋಡೇನಿ, ಒಂದು ಚೂರೂ ಒಳಗ ಉಳದಿಲ್ಲ, ಸೂಜಿ ಮಾಡೇನಿ, ಕೂಸಿನ್ನ ಎದಿಗೆ ಹಚ್ಚೇನಿ, ಇಷ್ಟೆಲ್ಲಾ ಆದ ಮ್ಯಾಲೂ ಮಾಯವ್ವನ ರಕ್ತ ನಿಲ್ಲವಲ್ಲದು, ತುಟಿ ಬೆಳ್ಳಗಾಗ್ಯಾವು, ಡಾಕ್ಟರು ಮೀಟಿಂಗಿಗಂತ ಹುನಗುಂದಕ್ಕ ಹೋಗ್ಯಾರ, ಜೀಪೂ ಅವರ ಕೂಡನ ಹೋಗೇತಿ, ಇಳಕಲ್ಲಿನ ಈ ಸಣ್ಣ ದವಾಖಾನ್ಯಾಗ ನಾನು, ಆಯಾ ಶಾರವ್ವ, ಬಾಗಲದಾಗ ಮಾಯವ್ವನ ಅತ್ತಿ ರಂಗವ್ವ, ಅಷ್ಟ. ರಂಗವ್ವ ಬಂದಾಗಿಂದ ನನ್ನ ಮಾರಿನ ನೋಡಾಕತ್ತಾಳ, ನಿಂದು ಮದಿವಿ ಆಗೇತೇನವಾ, ಇಲ್ಲಬೇ, ಮತ್ತ ಹಡದ ಗೊತ್ತಿಲ್ಲದಾಕಿಗೆ ಹಡಸೂದು ಹೆಂಗ ಗೊತ್ತು, ಹುಬ್ಬಳ್ಳ್ಯಾಗ ಮೂರು ವರ್ಷ ಕಲ್ತೇನಬೇ, ಇದು ಕಲಿಯೂ ಮಾತೇನ — ಸಿಟ್ಟಿರಲಿಲ್ಲ ಆಕಿ ದನ್ಯಾಗ, ಖರೇನ ತಿಳಕೊಳ್ಳಾಕ ಕೇಳಿದ್ಲು. ನಮ್ಮ ಅಬ್ಬಾನೂ ಹಂಗ ಕೇಳಿದ್ದ, ಎಪ್ಪತ್ತೊಂಬತ್ತರಾಗ ನಾ ಪಾಸಾಗಿ ಬಂದಾಗ, ಮಗ್ಗದ ಕುಣ್ಯಾಗ ಕಾಲು ಇಳಿಬಿಟ್ಟು ಕುಂತು, ದಸ್ತಗೀರಬೀ, ನಮ್ಮ ಮನ್ಯಾಗ ಯಾರು ಸಾಲಿಗೆ ಹೋಗಿ ಸೀರಿ ನೇಯೂದು ಕಲ್ತಾರ, ಕೈ ತಾನ ಕಲೀತೈತಿ, ನಿನಗ್ಯಾಕ ಅಷ್ಟು ದಪ್ಪ ಪುಸ್ತಕ — ಕೈಗೆ ಈಗ ಏನೂ ತಿಳೀವಲ್ಲದು ಅಬ್ಬಾ, ಬರೇ ತಿಕ್ಕತೈತಿ.

ತಡಿ, ಇದು ನಡುವ ಇಲ್ಲ. ಗರ್ಭಚೀಲ ಹೊಕ್ಕಳದ ಕೆಳಗ ನಡುವ ಇರಬೇಕು, ಇದು ಮ್ಯಾಲ ಏರೇತಿ, ಬಲಕ್ಕ ಸರದೈತಿ, ಯಾರೋ ಕೆಳಗಿಂದ ದಬ್ಬಿದಂಗ, ಬಲಕ್ಕ, ಬಲಕ್ಕ, ಎಲ್ಲಿ ಕೇಳೇನಿ ಇದನ್ನ — ಸಿದ್ದಲಿಂಗವ್ವ ಸಿಸ್ಟರ್, ಹುಬ್ಬಳ್ಳಿ, ಬಾಯಿ ಪರೀಕ್ಷಾ, ನಾ ಗಿಳಿಯಂಗ ಒಪ್ಪಿಸಿದ್ದೆ, ಉಚ್ಚಿಚೀಲ ತುಂಬಿದ್ರ ಗರ್ಭಚೀಲ ಬಲಕ್ಕ ಸರೀತೈತ್ರಿ, ಬಿಗಿಯೂದಿಲ್ರಿ. ಯಾಕ? ಪುಸ್ತಕದಾಗ ಐತ್ರಿ. ಪುಸ್ತಕ ಇರಲಿ, ಯಾಕ ಹೇಳು. ಆಮ್ಯಾಲ ಆಕೀನ ಒಂದರ ಮ್ಯಾಲೊಂದು ಮುಷ್ಟಿ ಇಟ್ಟು, ಕೆಳಗಿನ ಮುಷ್ಟಿ ಹಿಗ್ಗಿಸಿ, ನೋಡು, ಇದು ಹಿಗ್ಗಿ ದಬ್ಬಿದ್ರ ಮ್ಯಾಲಿಂದು ಹೆಂಗ ಮುಚ್ಚಬೇಕು — ನಾ ತಲಿ ಆಡಿಸಿದ್ದೆ, ಪಾಸೂ ಆದೆ. ಮಾಯವ್ವಾ, ಒಂದಕ್ಕ ಯಾವಾಗ ಹೋಗಿದ್ದಿ? ಮುಂಜಾನಿ, ಗಾಡಿ ಹತ್ತೂ ಮುಂದ್ರಿ ಅಕ್ಕಾ. ಈಗ ಊಟದ ಹೊತ್ತು ಮೀರೇತಿ! ಶಾರವ್ವಾ, ಕುದಿಸಿಟ್ಟ ರಬ್ಬರ್ ನಳಗಿ ತಾ, ಲಗೂ. ರಂಗವ್ವ ಒಳಗ ನುಗ್ಗಿದ್ಲು, ರಕ್ತ ಹೋಗಾಕತ್ತೈತಿ, ನೀ ಉಚ್ಚಿ ತಗೀತಿಯೇನ, ಬಿಡು ಆಕಿನ್ನ, ಗಾಡ್ಯಾಗ ಹಾಕ್ಕೊಂಡು ಹುನಗುಂದಕ್ಕ ಒಯ್ತೇನಿ — ಒಯ್ದ್ರ ದಾರ್ಯಾಗ ಹೋಗತಾಳ, ನಾ ತಪ್ಪಿದ್ರ ಇಲ್ಲೇ ಹೋಗತಾಳ, ತಡಿಬೇ, ಇದೊಂದು ಮಾಡಾಕ ಬಿಡು, ಅಂದದ್ದು ನಾನೇನು, ಅಷ್ಟು ಗಟ್ಟಿ ದನಿ ನಂದೇನು? ನಳಗಿ ಒಳಗ ಹೋತು, ಬೇಸಿನ್ಯಾಗ ಸುರಿಯೂ ಸಪ್ಪಳ, ನಿಲ್ಲವಲ್ಲದು, ಎಷ್ಟು ಹಿಡದಿದ್ದಿ ತಾಯಿ, ಸಪ್ಪಳ ಸಣ್ಣಾದಂಗ ಅಂಗೈ ಕೆಳಗ ಅದು ಸಾವಕಾಶ ನಡುವಕ್ಕ ಸರೀತು, ಇಳೀತು, ಬಿಗೀತು, ಬೇಲದ ಕಾಯಿಯಂಗ, ತಿಕ್ಕೂದು ಬಿಟ್ಟೆ, ಹಂಗ ಉಳೀತು, ರಕ್ತ ಹನಿಗೆ ಬಂತು — ಅಯ್ಯ ಸಿಸ್ಟರ್, ಇದಕ್ಕ ಅಂದಿದ್ರೇನ್ರಿ!

ಹಂಗಾದ್ರ ಇಷ್ಟು ದಿನ ಎಲ್ಲಿತ್ತು ಇದು, ತಲ್ಯಾಗೇನು, ಕೈಯಾಗೇನು, ಆ ಮಾತು ಇರಲಿಲ್ಲಂದ್ರ ಕೈಗೆ ಬಲಕ್ಕ ಸರದದ್ದು ತಿಳೀತಿತ್ತೇನು, ಕೈ ಮುಟ್ಟಲಿಲ್ಲಂದ್ರ ಆ ಮಾತು ಎಚ್ಚರಾಗತಿತ್ತೇನು? ರಂಗವ್ವನ ಕೈ ಹಿಡದು ಸೊಸಿ ಹೊಟ್ಟಿ ಮ್ಯಾಲ ಇಟ್ಟೆ, ಮುಟ್ಟಿ ನೋಡಬೇ, ಇದು ಗಟ್ಟಿ ಇರೂತನಕ ಅಂಜಿಕಿಲ್ಲ. ಆಕಿ ಕಣ್ಣು ಮುಚ್ಚಿ ಮುಟ್ಟಿದ್ಲು, ಇಷ್ಟು ಮಕ್ಕಳನ್ನ ಹಡದೇನಿ, ಒಳಗ ಹಿಂಗ ಆಗತಿತ್ತಂತ ಈಗ ಗೊತ್ತಾತು ನೋಡವಾ, ಹಡೀಲಾರದಾಕಿ ಹೇಳಬೇಕಾತು. ನಕ್ಕಳು, ನಾನೂ ನಕ್ಕೆ, ಮಾಯವ್ವ ನೀರು ಬೇಡಿದ್ಲು, ಶಾರವ್ವ ಕೂಸಿನ್ನ ಒರಸಿ ನನ್ನ ತೊಡಿ ಮ್ಯಾಲ ಹಾಕಿದ್ಲು, ಹೆಣ್ಣು, ಒದ್ದಿ ಕೂದಲಾ, ನಡುವ ಎಲುಬು ಕೂಡದ ಮೆತ್ತನ ನೆತ್ತಿ — ಪುಸ್ತಕದಾಗ ಇದಕ್ಕ ಹೆಸರೈತಿ, ಯಾವಾಗ ಮುಚ್ಚತೈತಿ ಅನ್ನೂದೂ ಐತಿ, ಕೇಳಿದ್ರ ಈಗೂ ಒಪ್ಪಸತೇನಿ, ಆದ್ರ ಹಿಂಗ ಏಳತೈತಿ, ಇಳೀತೈತಿ, ತೆಳ್ಳನ ತೊಗಲಿನ ಕೆಳಗ, ಮುಂದ ಏನೋ ಯೋಚನಿ ಮಾಡಾಕತ್ತಿದ್ದೆ, ಏನು, ಏಳತೈತಿ, ಇಳೀತೈತಿ, ನೆತ್ತಿ, ಏಳತೈತಿ —